ಏಳಕ್ಕೆ ನಿಂತ ಎಣಿಕೆ

ಪ್ರೀತಿಯ ತಂಗಿ ವನಿಗೆ,

ಆಶೀರ್ವಾದಗಳು ಎಂದು ಬರೆಯಲು ಹೋಗಿ ಪೆನ್ನು ನಿಂತಿತು. ಇಷ್ಟು ವರ್ಷ ನಿನಗೆ ಬರೆದ ಕಾಗದಗಳೆಲ್ಲ ಹಾಗೆಯೇ ಶುರುವಾಗಿವೆ. ಈಗ ಆಶೀರ್ವಾದ ಮಾಡುವ ಜಾಗದಲ್ಲಿ ನೀನಿದ್ದೀಯ, ನಾನು ಬರೀ ವಯಸ್ಸಿನಲ್ಲಿ ದೊಡ್ಡವಳು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟು, ವಾರಪತ್ರಿಕೆ ಓದಿ ಓದಿ ಬರೆಯುವುದು ಕಲಿತ ಅಕ್ಕನ ಕಾಗದ ತಲುಪಿದ ಕೂಡಲೇ ನೀನು ಇನ್ಶೂರೆನ್ಸ್ ಆಫೀಸಿನಿಂದಲೇ ಫೋನು ಮಾಡುತ್ತಿದ್ದೆ. "ಆಶಿರ್ವಾದ ಅಲ್ಲ ಕಣೇ ಅಕ್ಕಾ, ಶೀಗೆ ದೀರ್ಘ ಹಾಕು. ಇಲ್ದಿದ್ರೆ ಅರ್ಧ ಆಶೀರ್ವಾದವೇ ಸೋರಿಹೋಗತ್ತೆ." ನನ್ನ ತಪ್ಪುಗಳನ್ನೆಲ್ಲ ಹುಡುಕುತ್ತಿದ್ದವಳು ನೀನು. ಒಂದೇ ಒಂದು ತಪ್ಪು ನಿನ್ನ ಕಣ್ಣಿಗೆ ಬೀಳಲಿಲ್ಲ. ಅದನ್ನು ನೀನಿರುವಾಗಲೇ ನಾನೇ ತೋರಿಸಬೇಕಿತ್ತು.

ಆಸ್ಪತ್ರೆಯಿಂದ ನಿನ್ನನ್ನು ತಾಂಬರಂನ ನನ್ನ ಮನೆಗೆ ಕರೆದುಕೊಂಡು ಬಂದ ದಿನ ನೆನಪಿದೆಯಾ? ಆಡಿ ತಿಂಗಳ, ಅಂದರೆ ನಮ್ಮ ಆಷಾಢದ ಗಾಳಿ ಬೀಸುತ್ತಿತ್ತು. ನಿನ್ನ ಮಗಳು ರೇಖಾ ಕಾರು ನಿಲ್ಲಿಸಿದಳು, ನಾನು ವಾಕರ್ ಹಿಡಿದುಕೊಂಡು ಗೇಟಿನಲ್ಲಿ ನಿಂತಿದ್ದೆ. ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದು, ಒಳಗೆ ರಾಡು ಹಾಕಿಸಿಕೊಂಡು ಬಂದವಳು ಅಳುತ್ತಾ ಇಳಿಯುತ್ತೀಯ ಅಂದುಕೊಂಡಿದ್ದೆ. ನೀನು ನನ್ನ ಮನೆಯನ್ನು ಒಂದು ಸುತ್ತು ನೋಡಿ, "ಮೂರೇ ತಿಂಗಳು ಕಣೇ. ಆಮೇಲೆ ನಿನ್ನ ಉಪ್ಪಿಲ್ಲದ ಹುಳಿ ತಪ್ಪಿಸ್ಕೊಂಡು ನಮ್ಮನೆಗೆ ಓಡಿಹೋಗ್ತೀನಿ" ಅಂದೆ. ನಿಮ್ಮನೆ ಅಂದರೆ ಬೆಸೆಂಟ್ ನಗರದ ಎರಡನೇ ಮಹಡಿ. ಲಿಫ್ಟಿಲ್ಲ, ಮೂವತ್ತೆಂಟು ಮೆಟ್ಟಿಲು. ಬಾಲ್ಕನಿಯಲ್ಲಿ ನಿಂತರೆ ಎರಡು ಕಟ್ಟಡಗಳ ಸಂದಿಯಲ್ಲಿ ಗೇಣು ಅಗಲದ ಸಮುದ್ರ ಕಾಣುತ್ತದೆ ಅಂತ ಬಂದವರನ್ನೆಲ್ಲ ಎಳೆದುಕೊಂಡು ಹೋಗಿ ತೋರಿಸುತ್ತಿದ್ದೆಯಲ್ಲ, ಆ ಮನೆ. ನಮ್ಮದು ಗ್ರೌಂಡ್ ಫ್ಲೋರು. ನಿಮ್ಮ ಭಾವ ಹೋದಮೇಲೆ ನಾನೊಬ್ಬಳೇ ಇದ್ದ ಮನೆ. ಹತ್ತುವ ತಾಪತ್ರಯ ಇಲ್ಲ ಅಂತ ನಿನ್ನನ್ನು ಇಲ್ಲಿಗೆ ತಂದೆವು. ಅಕ್ಕ ದೊಡ್ಡ ಉಪಕಾರ ಮಾಡಿದಳು ಅಂದರು ಎಲ್ಲರೂ. ಯಾರು ಯಾರಿಗೆ ಮಾಡಿದ್ದು ಅಂತ ಆಗ ಯಾರು ಯೋಚಿಸಿದರು?

ಫಿಸಿಯೋ ಮಲರ್ ಮೊದಲ ಸಲ ಬಂದ ಬೆಳಿಗ್ಗೆ ಊಟದ ಮೇಜಿನ ಕುರ್ಚಿಯೊಂದನ್ನು ಗೋಡೆಗೆ ಒತ್ತಿ ಇಟ್ಟಳು. ಸ್ಕೂಟರಿನಲ್ಲಿ ಬರುವ, ಎರಡು ಮಕ್ಕಳ ತಾಯಿ, ಗಟ್ಟಿ ಗಂಟಲಿನ ಹೆಂಗಸು. ನಿನ್ನನ್ನು ಕೂರಿಸಿ, ಎರಡು ಕೈಗಳನ್ನೂ ಎದೆಯ ಮೇಲೆ ಅಡ್ಡ ಕಟ್ಟಿಸಿದಳು. ಕೈ ಊರದೆ ಪೂರ್ತಿ ನೆಟ್ಟಗೆ ನಿಂತು ಮೆಲ್ಲಗೆ ಕೂತರೆ ಒಂದು. ಒಂದೇ ಬೀಸಿನಲ್ಲಿ ಅಂಥವು ಹತ್ತು, ಮೂರು ದಿನ ಸತತವಾಗಿ ಮಾಡಿದರೆ ಮೆಟ್ಟಿಲು ಹತ್ತುವುದನ್ನು ಹೇಳಿಕೊಡುತ್ತೇನೆ, ಮೆಟ್ಟಿಲು ಬಂದರೆ ಮನೆಗೆ ಹೋಗಬಹುದು ಅಂದಳು. ಏಳುವಾಗ ಉಸಿರು ಬಿಡುವುದರ ಮೇಲಷ್ಟೇ ನಿನ್ನ ಗಮನ ಇರಬೇಕು, ಎಣಿಸುವುದು ಬರೆದಿಡುವುದು ಅಕ್ಕನ ಕೆಲಸ. ನೀನು ಮೊದಲ ಸಲ ಎದ್ದಾಗ ನಾನು ಅಭ್ಯಾಸಬಲದಲ್ಲಿ "ಲಾಭ" ಅಂದುಬಿಟ್ಟೆ. ಅಮ್ಮ ಅಕ್ಕಿ ಅಳೆಯುವಾಗ ಒಂದು ಅನ್ನುತ್ತಿರಲಿಲ್ಲವಲ್ಲ, ಲಾಭದಿಂದಲೇ ಶುರು. ಮಲರ್ ಗಾಬರಿಯಿಂದ, "ಲಾಬಮಾ? ಯಾರು ಆಂಟಿ ಅದು?" ಅಂತ ಬಾಗಿಲ ಕಡೆ ನೋಡಿದಳು. ನೀನು ನಕ್ಕ ನಗೆಗೆ ಮತ್ತೆ ಕುರ್ಚಿಗೆ ದೊಪ್ಪನೆ ಕುಸಿದೆ. ಆ ದಿನದ ಲೆಕ್ಕ ಬರೀ ಲಾಭ.

ಮೊದಲ ವಾರಗಳಲ್ಲಿ ನಮ್ಮಿಬ್ಬರಿಗೂ ಹಬ್ಬ. ಬೆಳಿಗ್ಗೆ ಕಾಫಿ ಆದಮೇಲೆ ಕುರ್ಚಿ, ಕುರ್ಚಿ ಆದಮೇಲೆ ಹೆಸರುಬೇಳೆ ಕೋಸಂಬರಿ. ಎರಡು, ಮೂರು, ವಾರ ಕಳೆದರೆ ನಾಲ್ಕು. ಪ್ರತಿ ಅಂಕಿಗೂ ನೀನು ರೇಖಾಗೆ ಫೋನು ಮಾಡುತ್ತಿದ್ದೆ. ಪೆರುಂಗುಡಿಯ ಆಫೀಸಿನಲ್ಲಿ ಮೀಟಿಂಗಿನಲ್ಲಿದ್ದರೂ ಅವಳು ಎತ್ತಿ, "ಸೂಪರ್ ಮಾ, ಅಪ್ಪುರಂ ಪೇಸರೇನ್", ಆಮೇಲೆ ಮಾತಾಡ್ತೀನಿ ಅಂತ ಇಡುತ್ತಿದ್ದಳು. ನವರಾತ್ರಿಯ ಹೊತ್ತಿಗೆ ಏಳಾಯಿತು. ಹಳೆಯ ಡೈರಿಯಲ್ಲಿ ಬರೆದಿಟ್ಟೆ, ಪಕ್ಕದಲ್ಲಿ ಒಂದು ಹೂವೂ ಬಿಡಿಸಿದೆ. ಅಲ್ಲಿಂದ ಮುಂದೆ ದಿನಾ ಏಳು. ಹತ್ತು ದಿನ ಕಳೆದರೂ ಏಳು. ಹೂವು ಬಿಡಿಸುವುದನ್ನು ನಿಲ್ಲಿಸಿದೆ. "ಅಕ್ಕಾ, ಏಳರಾಚೆಗೆ ನಂಗೆ ಏಳೋಕ್ಕೇ ಆಗ್ತಿಲ್ವಲ್ಲೇ" ಅಂತ ನೀನು ಅಂದಾಗ ಇಬ್ಬರೂ ನಕ್ಕೆವು. ಆ ಮಾತಿನೊಳಗೇ ಎಲ್ಲ ಇತ್ತು. ಇಬ್ಬರಿಗೂ ಕಾಣಲಿಲ್ಲ ನೋಡು.

ಮಲರ್ ಡೈರಿ ನೋಡಿ, "ಇದು ಪ್ಲಾಟೋ ಆಂಟಿ" ಅಂದಾಗ ನಾನು ಪ್ಲಾಟ್‌ಫಾರಂ ಅಂದುಕೊಂಡೆ. ರೈಲ್ವೆಯವನ ಹೆಂಡತಿ, ತಾಂಬರಂನಲ್ಲಿ ನಲವತ್ತು ವರ್ಷ ಇದ್ದವಳು, ನನಗೆ ಬೇರೆ ಏನು ಕೇಳಿಸೀತು? "ಗಾಡಿ ನಿಂತುಬಿಟ್ಟಿದೆ ಅಂತ ಹೇಳ್ತಿದ್ದಾಳೆ" ಅಂತ ನಿನಗೆ ಅರ್ಥವನ್ನೂ ಹೇಳಿದೆ. ಅದೇನೂ ತಪ್ಪು ಅರ್ಥ ಆಗಿರಲಿಲ್ಲ. "ಬಾಡಿ ಪಳಗಿಡುಚ್ಚು. ದಿನಮುಂ ಅದೇ ಸೇಂಜಾ ಅದೇ ದಾನ್ ಕಿಡೈಕ್ಕುಂ" ಅಂದಳು. ಮೈಗೆ ರೂಢಿಯಾಗಿಬಿಟ್ಟಿದೆ, ದಿನಾ ಅದನ್ನೇ ಮಾಡಿದರೆ ಅಷ್ಟೇ ಸಿಗುತ್ತದೆ. ಆಮೇಲೆ ನಿನ್ನೆದುರು ಮೊಣಕಾಲೂರಿ ಕೂತು, "ನೀಂಗ ಎದುಕ್ಕು ಎಂದಿರಿಕ್ಕಣುಂ, ಸೊಲ್ಲುಂಗ?" ಅಂತ ಕೇಳಿದಳು. ನೀವು ಯಾಕೆ ಏಳಬೇಕು ಹೇಳಿ. ನೀನು ಹಿಂದೆಮುಂದೆ ನೋಡಲಿಲ್ಲ. "ವೀಟ್ಟುಕ್ಕು ಪೋಗಣುಂ" ಅಂದೆ. ಮನೆಗೆ ಹೋಗಬೇಕು. ನಿನ್ನ ಪಕ್ಕದಲ್ಲೇ ನಿಂತಿದ್ದ ನನಗೆ ಆ ಎರಡು ಶಬ್ದ ಎಲ್ಲಿ ಚುಚ್ಚಿದವು ಅಂತ ಅವತ್ತು ನಿನಗೆ ತೋರಿಸಿಕೊಳ್ಳಲಿಲ್ಲ.

ಆ ದಿನದಿಂದ ಮಲರ್ ಇಡೀ ಪಾಠವನ್ನೇ ತಿರುಗಿಸಿ ಹಾಕಿದಳಲ್ಲ. ಕುರ್ಚಿ ಇನ್ನು ದಿನ ಬಿಟ್ಟು ದಿನ. ಮಧ್ಯದ ದಿನ ಬೇರೆ ಕೆಲಸ, ಭಾನುವಾರ ಪೂರ್ತಿ ರಜಾ, ರಜಾದಲ್ಲೇ ಮಾಂಸಖಂಡ ಬೆಳೆಯುವುದು ಅಂದಳು. ನಿಮ್ಮ ಮನೆಗೆ ಹೋಗಲು ಏನೇನು ಬೇಕೋ ಅದನ್ನೇ ಮಾಡಿಸಿದಳು. ದೇವರ ಮನೆಯ ಮಣೆಯ ಮೇಲೆ ಹತ್ತಿ ಇಳಿಯುವುದು, ಒಳ್ಳೆಯ ಕಾಲು ಮೊದಲು ಮೇಲೆ, ನೋಯುವ ಕಾಲು ಮೊದಲು ಕೆಳಗೆ. ತರಕಾರಿ ಚೀಲದ ಬದಲು ಒಂದು ಸೇರು ಅಕ್ಕಿಯ ಚೀಲ ಹಿಡಿದು ಗೇಟಿನವರೆಗೆ ನಡೆಯುವುದು. ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬೀಗದ ಕೈ ತಿರುಗಿಸುವ ಹಾಗೆ ಒಂಟಿ ಕಾಲಿನ ಮೇಲೆ ಹತ್ತು ಎಣಿಸುವಷ್ಟು ಹೊತ್ತು ನಿಲ್ಲುವುದು. ನೀನು ನಿಜವಾದ ಬೀಗದ ಕೈಯನ್ನೇ ಪರ್ಸಿನಿಂದ ತೆಗೆದು ನಮ್ಮ ಬಾಗಿಲ ಚಿಲಕದ ಮುಂದೆ ತಿರುಗಿಸುತ್ತಿದ್ದೆ. "ಬಾ ಅಕ್ಕಾ, ಒಳಗೆ ಬಾ, ಕಾಫಿ ಕುಡಿದು ಹೋಗು" ಅಂತ ನನ್ನ ಮನೆಗೇ ನನ್ನನ್ನು ಕರೆಯುತ್ತಿದ್ದೆ. ದೀಪಾವಳಿಗೆ ವಾಕರ್ ಮೂಲೆ ಸೇರಿತು. ಎಲ್ಲವೂ ಮುಂದೆ ಹೋಗುತ್ತಿತ್ತು, ಕುರ್ಚಿಯೊಂದು ಬಿಟ್ಟು. ಅದು ಮಾತ್ರ ಏಳು. ಮಲರ್‌ಗೂ ಆಶ್ಚರ್ಯ. "ಏರಣುಮೇ ಆಂಟಿ... ಏನ್ ಏರಲೆ?", ಏರಬೇಕಿತ್ತಲ್ಲ, ಯಾಕೆ ಏರಲಿಲ್ಲ ಅಂತ ಡೈರಿಯ ಹಾಳೆ ಹಿಂದೆ ಮುಂದೆ ತಿರುಗಿಸಿದಳು. ಹದಿನೈದು ದಿನಕ್ಕೊಮ್ಮೆ ಬಂದು ಹೊಸ ಪಾಠಗಳನ್ನಷ್ಟೇ ಮಾಡಿಸಿ ಹೋಗುವವಳು, ಕುರ್ಚಿಗೆ ನಾನು ಬರೆದಿಟ್ಟಿದ್ದೇ ಅವಳಿಗೆ ಸಾಕ್ಷಿ. ನನ್ನನ್ನು ಯಾಕೆ ಅನುಮಾನಿಸುತ್ತಾಳೆ?

ದೀಪಾವಳಿ ಕಳೆದ ಮಾರನೇ ವಾರ, ಪಾತ್ರೆ ತೊಳೆಯುವ ಸೆಲ್ವಿ ಹಾಲ್ ಒರೆಸುತ್ತಿದ್ದಳು, ನೀನು ಕುರ್ಚಿಯಲ್ಲಿ ಏಳುತ್ತಿದ್ದೆ. ಮುಗಿಸಿ, ಬೆವರು ಒರೆಸಿಕೊಂಡು, "ಎಷ್ಟಾಯ್ತೇ?" ಅಂತ ಕೇಳಿದೆ. ನಾನು "ಏಳು" ಅಂದೆ. ನೀನು ಮುಖ ತೊಳೆಯಲು ಹೋದಮೇಲೆ ಸೆಲ್ವಿ ಅಡುಗೆಮನೆಗೆ ಬಂದು, ಬಟ್ಟೆ ಹಿಂಡುತ್ತಾ, "ಎನ್ನಮ್ಮಾ ನೀಂಗ? ಪತ್ತು ವಾಟಿ ಎಂದಿರಿಚ್ಚಾಂಗ. ನೀಂಗ ಏಳು ಏಳು ಏಳುನ್ನೇ ಸೊಲ್ಲಿಕ್ಕಿಟ್ಟಿರುಂದೀಂಗ!" ಅಂದಳು. ಹತ್ತು ಸಲ ಎದ್ದರು, ನೀವು ಏಳು ಏಳು ಅಂತಲೇ ಹೇಳುತ್ತಾ ಇದ್ದಿರಿ. ನಾನು ಒಲೆಯ ಮುಂದೆ ನಿಂತಲ್ಲೇ ನಿಂತೆ. ಆರರವರೆಗೆ ನಾನು ಬರೀ ಎಣಿಸುತ್ತಿದ್ದೆ, ನೀನು ತಾನಾಗಿ ಏಳುತ್ತಿದ್ದೆ. ಏಳನೆಯದಕ್ಕೆ ನಿನಗೆ ಸುಸ್ತು. "ಏಳು" ಅಂದರೆ ಅದು ಅಂಕಿಯೂ ಹೌದು, ಎಬ್ಬಿಸುವ ಮಾತೂ ಹೌದು. ಅಲ್ಲಿಂದ ಮುಂದೆ ನಾನು ನಿನ್ನನ್ನು ಹುರಿದುಂಬಿಸುತ್ತಾ "ಏಳು... ಏಳೇ... ಏಳು ಮಾರಾಯ್ತಿ" ಅನ್ನುತ್ತಿದ್ದೆ, ನೀನು ಒಂದೊಂದು ಮಾತಿಗೂ ಎದ್ದು ನಿಲ್ಲುತ್ತಿದ್ದೆ. ನನ್ನ ಬಾಯಲ್ಲಿ ಕೊನೆಗೆ ಉಳಿಯುತ್ತಿದ್ದದ್ದು ಅದೇ ಶಬ್ದ. ಅದನ್ನೇ ಬರೆಯುತ್ತಿದ್ದೆ. ಸೆಲ್ವಿಯ ತಮಿಳು ಕಿವಿಗೆ ಏಳು ಅಂದರೆ ಅಂಕಿ ಮಾತ್ರ, ಅವಳಿಗೆ ನಾನು ಒಂದೇ ಅಂಕಿ ಜಪಿಸುವ ಅರೆಮರುಳಿಯ ಹಾಗೆ ಕಂಡಿದ್ದೆ. ಅಮ್ಮ ಅಕ್ಕಿ ಅಳೆಯುವಾಗ ಎಂದೂ ಆಗದ ತಪ್ಪು ನನ್ನ ಕೈಯಲ್ಲಿ ಆಗಿತ್ತು.

ಆಗಲೇ ಬಚ್ಚಲ ಬಾಗಿಲಿಗೆ ಹೋಗಿ ಕೂಗಿ ಹೇಳಿದ್ದರೆ ಇದು ನಾವು ಸಾಯುವವರೆಗೂ ಹೇಳಿಕೊಂಡು ನಗುವ ಕಥೆಯಾಗುತ್ತಿತ್ತು. ನೀನು ರೇಖಾಗೆ ಫೋನು ಮಾಡಿ, "ನಿಮ್ಮ ದೊಡ್ಡಮ್ಮ ಎಂಟನೇ ಕ್ಲಾಸು ಓದಿದ್ದಾಳೆ, ಎಂಟು ಎಣಿಸೋಕೆ ಬರಲ್ಲ" ಅನ್ನುತ್ತಿದ್ದೆ. ನಾನು ಹೋದೆ ವನಿ. ಬಚ್ಚಲ ಬಾಗಿಲವರೆಗೆ ಹೋದೆ. ಒಳಗೆ ನೀನು ಹಾಡಿಕೊಳ್ಳುತ್ತಾ ನೀರು ಬಿಡುತ್ತಿದ್ದೆ. ಈ ಮನೆಯಲ್ಲಿ ನೀನು ಬರುವವರೆಗೆ ನಾಲ್ಕು ವರ್ಷ ನನ್ನ ಚಪ್ಪಲಿಯ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಹತ್ತು ಆಯಿತು ಅಂದರೆ ಇನ್ನೆರಡು ಸರದಿ, ಆಮೇಲೆ ಮೆಟ್ಟಿಲು, ಆಮೇಲೆ ಬೆಸೆಂಟ್ ನಗರ. ಸೆಲ್ವಿ ತಪ್ಪು ಎಣಿಸಿರಬಹುದು, ಮುಂದಿನ ಸಲ ನೋಡಿ ಹೇಳೋಣ ಅಂದುಕೊಂಡು ತಿರುಗಿ ಬಂದೆ.

ಮುಂದಿನ ಸರದಿಗೆ ನಾನು ಮಡಿಲಲ್ಲಿ ಹುಣಸೆಬೀಜ ಇಟ್ಟುಕೊಂಡು ಕೂತೆ. ನೀನು ಎದ್ದಾಗಲೆಲ್ಲ ಒಂದು ಬೀಜ ಸೆರಗಿನ ಮರೆಯಲ್ಲಿ ಎಡಗೈಗೆ. ಬಾಯಲ್ಲಿ ಮಾಮೂಲಿನ ಹಾಗೆ "ಏಳು, ಏಳೇ". ಮುಗಿದ ಮೇಲೆ ಅಡುಗೆಮನೆಗೆ ಹೋಗಿ ಬೀಜ ಬಿಡಿಸಿದೆ. ಹನ್ನೊಂದು. ಡೈರಿ ತೆಗೆದು ಏಳು ಅಂತ ಬರೆದೆ. ಅಲ್ಲಿಯವರೆಗೆ ಆಗಿದ್ದಕ್ಕೆ ನಾನು ತಪ್ಪು ಅನ್ನುವ ಹೆಸರು ಕೊಡುತ್ತೇನೆ. ಆ ಬೆಳಗಿನಿಂದ ಮುಂದೆ ಆಗಿದ್ದಕ್ಕೆ ನೀನೇ ಒಂದು ಹೆಸರು ಕೊಡು. ಭಯ ಅಂತ ನನಗೆ ನಾನೇ ಹೇಳಿಕೊಂಡೆ. ಅಷ್ಟು ಮೆಟ್ಟಿಲು, ಒಂದೇ ಪಕ್ಕ ಕಂಬಿ, ಮತ್ತೆ ಬಿದ್ದರೆ ನೋಡುವವರು ಯಾರು, ಇನ್ನೊಂದು ತಿಂಗಳು ಗಟ್ಟಿಯಾಗಲಿ... ಭಯವೂ ಇತ್ತು. ಆದರೆ ಭಯವಾಗಿದ್ದರೆ ಮಲರ್‌ಗೆ ಹೇಳುತ್ತಿದ್ದೆ, ಕಾವಲಿಗೆ ಜನ ಹುಡುಕುತ್ತಿದ್ದೆ, ರೇಖಾ ಜೊತೆ ಮಾತಾಡುತ್ತಿದ್ದೆ. ನಾನು ಏನೂ ಮಾಡಲಿಲ್ಲ. ಬೆಳಿಗ್ಗೆ ಎರಡು ಲೋಟ ಕಾಫಿ ಬೆರೆಸುವುದು ನನಗೆ ಬೇಕಾಗಿತ್ತು, ಅಷ್ಟೇ.

ಕಾರ್ತಿಕ ಮಾಸದಲ್ಲಿ ಒಂದು ಬೆಳಿಗ್ಗೆ ನೀನು ಕುರ್ಚಿಯ ಮೇಲೆ ಕೂತೇ ಇದ್ದೆ, ಏಳಲಿಲ್ಲ. "ಬಿಡೇ ಅಕ್ಕಾ. ಈ ದೇಹ ಇಷ್ಟೇ ಅಂತ ಹೇಳ್ತಿದೆ. ನಾನೇ ಜಗ್ಗಾಡ್ತಿದ್ದೀನಿ" ಅಂದೆ. ನಾನು ಏನು ಮಾಡಿದೆ ಗೊತ್ತಾ? ನಿನ್ನ ತಲೆ ಸವರಿ, "ವಯಸ್ಸಾಯ್ತಲ್ಲೇ, ಇಲ್ಲೇನು ಕಡಿಮೆಯಾಗಿದೆ ನಿಂಗೆ" ಅಂದೆ. ನೀನು ತಲೆಯಾಡಿಸಿದೆ. ಅವತ್ತು ಸಂಜೆ ನೀನು ರೇಖಾಗೆ ಫೋನಿನಲ್ಲಿ ಬಾಲ್ಕನಿಯ ತುಳಸಿ ಕುಂಡವನ್ನು ಯಾರಿಗೆ ಕೊಡಬೇಕು, ಫ್ರಿಜ್ಜು ಆಫ್ ಮಾಡಿ ಬಾಗಿಲು ತೆರೆದಿಡು ಅಂತೆಲ್ಲ ಹೇಳಿದೆ. ಬೀಗದ ಕೈ ಪರ್ಸಿನೊಳಗೆ ಹೋಯಿತು, ಮತ್ತೆ ಹೊರಗೆ ಬರಲಿಲ್ಲ. ಅಕ್ಕಿ ಚೀಲ ಹಿಡಿದು ನಡೆಯುವುದು ಗೇಟಿನಿಂದ ಜಗಲಿಗೆ, ಜಗಲಿಯಿಂದ ಹಾಲ್‌ಗೆ ಬಂತು. ಯಾಕೆ ಏಳಬೇಕು ಅನ್ನುವುದಕ್ಕೆ ಉತ್ತರ ಇಲ್ಲವಾದ ಮೇಲೆ ನಿನ್ನ ಕಾಲು ನಿಜವಾಗಿಯೂ ಸೋಲತೊಡಗಿತು. ಹುಣಸೆಬೀಜ ಒಂಬತ್ತಾಯಿತು, ಎಂಟಾಯಿತು. ಕೊನೆಗೊಂದು ದಿನ ಬೀಜವೂ ಏಳು, ಡೈರಿಯೂ ಏಳು. ನಾನು ಬರೆದ ಸುಳ್ಳನ್ನು ನಿನ್ನ ಕೈಯಲ್ಲೇ ನಿಜ ಮಾಡಿಸಿದೆ.

ಮಾರ್ಗಶಿರದ ಚಳಿಯಲ್ಲಿ ನಿನಗೆ ಕೆಮ್ಮು ಹತ್ತಿತು, ಆಸ್ಪತ್ರೆಗೆ ಸೇರಿಸಿದೆವು. ಹೆಚ್ಚು ನಡೆದಾಡದೆ ಕೂತೇ ಇದ್ದವರಿಗೆ ಎದೆಯಲ್ಲಿ ಕಫ ಬೇಗ ಕಟ್ಟುತ್ತದೆ ಅಂತ ಡಾಕ್ಟರು ಮಾತಿಗೆ ಅಂದರು. ಅವರಿಗೆ ಅದು ಮಾಮೂಲಿನ ಮಾತು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತುಬಿಟ್ಟೆ. ಮೂರನೆಯ ದಿನ ಮಧ್ಯಾಹ್ನ ನಿನಗೆ ಸ್ವಲ್ಪ ಎಚ್ಚರ ಇತ್ತು. ನನ್ನ ಕೈ ಹಿಡಿದು, "ನಿಂಗೆ ಬಹಳ ತೊಂದ್ರೆ ಕೊಟ್ಟೆ ಕಣೇ. ಹತ್ತು ಮಾಡಿದ್ರೆ ಹೊರಟುಬಿಡ್ತಿದ್ದೆ. ಆಗ್ಲೇ ಇಲ್ಲ ನೋಡು" ಅಂದೆ. ಆಗಿತ್ತು ವನಿ, ಹನ್ನೊಂದೂ ಆಗಿತ್ತು. ಬಾಯಿಯವರೆಗೆ ಬಂತು. ನೀನು ನನ್ನ ಹತ್ತಿರ ಕ್ಷಮೆ ಕೇಳುತ್ತಿದ್ದೆ, ನಾನು ಕೇಳಿಸಿಕೊಳ್ಳುತ್ತಿದ್ದೆ. "ಸುಮ್ನಿರೇ, ಮಾತಾಡಬೇಡ, ಉಸಿರು ಕಟ್ಟತ್ತೆ" ಅಂದೆ. ನೀನು ಸುಮ್ಮನಾದೆ. ಮಾರನೇ ದಿನ...

ನಿನ್ನ ಕಾರ್ಯಗಳೆಲ್ಲ ಮುಗಿದ ಮೇಲೆ ರೇಖಾ ತಿಂಗಳಿಗೊಮ್ಮೆ ಕರೆಯುತ್ತಿದ್ದಳು. "ದೊಡ್ಡಮ್ಮ, ಅಮ್ಮಾ ಸಾಮಾನೆಲ್ಲಾಂ ನೀಂಗ ಒರು ದಡವೆ ವಂದು ಪಾರುಂಗ. ಎನಕ್ಕು ಎದು ಎನ್ನನ್ನೇ ತೆರಿಯಲೆ." ಬಂದು ನೋಡಿ, ಯಾವುದು ಏನು ಅಂತಲೇ ನನಗೆ ಗೊತ್ತಾಗುತ್ತಿಲ್ಲ. ಪಾಪ, ಅವಳು ಚಿಕ್ಕಂದಿನಿಂದ ಹಾಗೆಯೇ, ನಾವು ಕನ್ನಡದಲ್ಲಿ ಕೇಳಿದರೆ ಅವಳು ತಮಿಳಿನಲ್ಲಿ ಹೇಳುವುದು. ನಾನು ಮೊಣಕಾಲು ನೋವು ಅನ್ನುತ್ತಿದ್ದೆ. ಸುಳ್ಳಲ್ಲ, ನಮ್ಮ ಕಟ್ಟಡದ ಮೆಟ್ಟಿಲಲ್ಲಿ ಐದು ಹತ್ತಿದರೆ ಕಂಬಿ ಹಿಡಿದು ನಿಲ್ಲಬೇಕಿತ್ತು. ಆದರೆ ನೋವು ಇದ್ದದ್ದು ಒಳ್ಳೆಯದೇ ಆಯಿತು ಅನ್ನಿಸುತ್ತಿತ್ತು. ಆ ಮನೆಗೆ ಹೋದರೆ ರೇಖಾ ಮುಂದೆ ಬಾಯಿ ಬಿಡದೆ ಇರಲು ನನ್ನಿಂದ ಆಗುವುದಿಲ್ಲ ಅಂತ ಗೊತ್ತಿತ್ತು. ವರ್ಷವಾಗುತ್ತಾ ಬಂದಾಗ ಅದೇ ಕಾರಣಕ್ಕೆ ಹೋಗಬೇಕು ಅನ್ನಿಸಿತು. ಮಲರ್‌ಗೆ ಫೋನು ಮಾಡಿದೆ.

ಮಲರ್ ಬಂದು ಅದೇ ಕುರ್ಚಿಯನ್ನು ಅದೇ ಗೋಡೆಗೆ ಒತ್ತಿ ಇಟ್ಟಳು. ಈ ಸಲ ಎಣಿಸುವವಳು ಅವಳೇ, ತಮಿಳಿನಲ್ಲಿ. ಮೊದಲ ತಿಂಗಳು ಚೆನ್ನಾಗಿ ಹೋಯಿತು, ಮೆಟ್ಟಿಲ ಮೊದಲ ತಿರುವಿನವರೆಗೆ ಹತ್ತಿದೆ. ಅಲ್ಲಿಗೆ ನಿಂತಿತು. ಎರಡನೇ ತಿಂಗಳು ಪೂರ್ತಿ ಆ ತಿರುವನ್ನು ದಾಟಲಾಗಲಿಲ್ಲ. ನನ್ನ ಗಾಡಿಯೂ ಪ್ಲಾಟ್‌ಫಾರಂನಲ್ಲಿ ನಿಂತಿತು ಅನ್ನು. ದಿನಾ ಬೆಳಿಗ್ಗೆ ಎದ್ದು ಅಷ್ಟೇ ಹತ್ತಿ ಅಷ್ಟೇ ಇಳಿದು ಬರುತ್ತಿದ್ದೆ. ಅವಳು ನಿನಗೆ ಕೇಳಿದ್ದನ್ನೇ ನನಗೂ ಕೇಳಿದಳು, ಎದುಕ್ಕು? ನಾನು ಆರೋಗ್ಯಕ್ಕೆ ಅಂದೆ. "ಆರೋಗ್ಯತ್ತುಕ್ಕು ಯಾರುಂ ಮಾಡಿ ಏರಮಾಟ್ಟಾಂಗ ಆಂಟಿ" ಅಂತ ನಕ್ಕಳು. ಆರೋಗ್ಯಕ್ಕಾಗಿ ಅಂತ ಯಾರೂ ಮಹಡಿ ಹತ್ತುವುದಿಲ್ಲ. ಕೊನೆಗೆ ಹೇಳಿದೆ, ವನಿಯ ಮನೆಗೆ ಒಂದು ವಸ್ತು ತಲುಪಿಸಬೇಕು. ಅವಳು ಏನು ಅಂತ ಕೇಳಲಿಲ್ಲ. ಆ ವಸ್ತುವನ್ನು ಚೀಲದಲ್ಲಿ ಹಾಕಿಕೊಂಡೇ ಹತ್ತಿ ಅಂದಳು. ಡೈರಿಯನ್ನು ಚೀಲಕ್ಕೆ ಹಾಕಿ ಹೆಗಲಿಗೆ ನೇತುಹಾಕಿಕೊಂಡೆ. ಮೆಟ್ಟಿಲು ವಾರಕ್ಕೆ ಮೂರೇ ದಿನ, ತಿರುವಿನಿಂದ ಆಚೆಗೆ ವಾರಕ್ಕೆ ಎರಡೆರಡು ಮೆಟ್ಟಿಲು ಮಾತ್ರ ಹೆಚ್ಚು, ಇಳಿಯುವುದು ಹತ್ತುವುದಕ್ಕಿಂತ ನಿಧಾನ. ಉಳಿದ ದಿನ ಹಿಮ್ಮಡಿ ಎತ್ತುವುದು, ಕುರ್ಚಿ, ರಾತ್ರಿ ಊಟಕ್ಕೆ ಬೇಳೆ ಜಾಸ್ತಿ. ತಿರುವು ದಾಟಿದ ದಿನ ಯಾರಿಗೂ ಫೋನು ಮಾಡಲಿಲ್ಲ. ನೀನು ಎರಡು ವಾರದಲ್ಲಿ ದಾಟಬಹುದಾಗಿದ್ದನ್ನು ನಾನು ದಾಟಗೊಡಲಿಲ್ಲವಲ್ಲ, ನನಗೆ ಎಂಥ ಸಂತೋಷ?

ಹೋದ ಶನಿವಾರ ರೇಖಾ ಕಾರಿನಲ್ಲಿ ಕರೆದುಕೊಂಡು ಹೋದಳು. ಹಳೆಯ ಕಂಬಿ ಹಿಡಿದು, ಮೂರು ಕಡೆ ನಿಂತು, ಮೂವತ್ತೆಂಟೂ ಹತ್ತಿದೆ. ನಿನ್ನ ಮನೆ ಬಿಸಿಲಿನಿಂದ ಕಾದ ಧೂಳಿನ ವಾಸನೆ ಹೊಡೆಯುತ್ತಿತ್ತು. ಸೋಫಾದ ಮೇಲಿನ ಹೊದಿಕೆ ತೆಗೆಯುವುದಕ್ಕೂ ಮುಂಚೆ ನಾನು ಚೀಲದಿಂದ ಡೈರಿ ತೆಗೆದು ಅವಳ ಕೈಗೆ ಕೊಟ್ಟೆ. "ಎನ್ನ ದೊಡ್ಡಮ್ಮ ಇದು?", ಏನಿದು ಅಂತ ಹಾಳೆ ತಿರುಗಿಸಿದಳು. ಹೇಳಿದೆ. ಸೆಲ್ವಿ ಹೇಳಿದ್ದು, ಹುಣಸೆಬೀಜ, ಆಸ್ಪತ್ರೆ, ಒಂದನ್ನೂ ಬಿಡಲಿಲ್ಲ. ಅವಳ ಬೆರಳು ಒಂದು ಸಾಲಿನ ಮೇಲೆ ನಿಂತಿತ್ತು. "ಅಮ್ಮಾ ಕೇಟ್ಟಾಳಾ?" ಅಂದಳು. ಅಮ್ಮ ಕೇಳಿದಳಾ? "ಪ್ರತಿ ಸಲ ಕೇಳ್ತಿದ್ಳಮ್ಮಾ, ಎಷ್ಟಾಯ್ತು ಅಂತ." "ನೀಂಗ?" "ಏಳು ಅಂತಿದ್ದೆ." ಅವಳು ಎದ್ದು ಬಾಲ್ಕನಿಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಮೇಲೆ ನನ್ನ ಮುಖ ನೋಡದೆ, "ಎನಕ್ಕು ಇಪ್ಪೋ ಉಂಗ ಕಿಟ್ಟ ಪೇಸ ಮುಡಿಯಾದು ದೊಡ್ಡಮ್ಮ" ಅಂದಳು. ಈಗ ನಿಮ್ಮ ಹತ್ತಿರ ಮಾತಾಡಲು ನನ್ನಿಂದ ಆಗುವುದಿಲ್ಲ. ಡೈರಿಯನ್ನು ತನ್ನ ಕೈಚೀಲದೊಳಗೆ ಹಾಕಿಕೊಂಡಳು. ನಾನು ಸಮಾಧಾನದ ಮಾತು ಹೇಳಲಿಲ್ಲ. ಅಷ್ಟು ಮರ್ಯಾದೆ ಉಳಿಸಿಕೊಂಡೆ.

ಇಳಿಯುವಾಗ ಮೊದಲ ಮಹಡಿಯ ಮಾಮಿ ಬಾಗಿಲಲ್ಲಿ ನಿಂತಿದ್ದರು. ನೀನು ಯಾವಾಗಲೂ ಕರಿಬೇವು ಕೇಳುತ್ತಿದ್ದೆಯಲ್ಲ, ಅವರೇ. ನನ್ನ ಕೈ ಹಿಡಿದು ಕಣ್ಣೊರೆಸಿಕೊಂಡರು. ಆಮೇಲೆ ಗೋಡೆಯ ಕಡೆ ತೋರಿಸಿ, "ಪಾತ್ತೇಳಾ? ವನಜಾ ವರಪ್ಪೋ ರೆಂಡು ಪಕ್ಕಮುಂ ಪಿಡಿಚ್ಚುಂಡು ಏರಟ್ಟುಂನ್ನು ಪೋಟ್ಟೋಂ" ಅಂದರು. ನೋಡಿದಿರಾ, ವನಜಾ ಬರುವಾಗ ಎರಡೂ ಕಡೆ ಹಿಡಿದು ಹತ್ತಲಿ ಅಂತ ಹಾಕಿಸಿದೆವು. ಹತ್ತುವಾಗ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಗೋಡೆಗುಂಟ ಹೊಸ ಸ್ಟೀಲು ಕಂಬಿ, ಕೆಳಗಿನಿಂದ ನಿನ್ನ ಬಾಗಿಲವರೆಗೆ. ಯಾವಾಗ ಮಾಮಿ ಅಂದೆ. ಕಾರ್ತಿಗೈ ದೀಪಕ್ಕೆ ಎರಡು ದಿನ ಮುಂಚೆ ಅಂದರು. ನಾನು ಸೆರಗಿನ ಮರೆಯಲ್ಲಿ ಹನ್ನೊಂದು ಬೀಜ ಎಣಿಸಿದ್ದು ಆ ವಾರವೇ. ನೀನು ಬಿದ್ದರೆ ನೋಡುವವರು ಯಾರು ಅಂತ ನಾನು ತಾಂಬರಂನಲ್ಲಿ ಕೂತು ಭಯ ನೇಯುತ್ತಿದ್ದಾಗ ಇಲ್ಲಿ ಗೋಡೆಗೆ ತೂತು ಕೊರೆಯುತ್ತಿದ್ದರು.

ಉಳಿದಿದ್ದು ಹತ್ತೊಂಬತ್ತು ಮೆಟ್ಟಿಲು. ಆ ಕಂಬಿಯನ್ನು ಮುಟ್ಟಬಾರದು ಅಂದುಕೊಂಡು ಹಳೆಯದನ್ನೇ ಹಿಡಿದು ಇಳಿಯತೊಡಗಿದೆ. ನಾಲ್ಕನೆಯ ಮೆಟ್ಟಿಲಿಗೆ ಕಾಲು ನಡುಗಿ ನಿಂತೆ, ಒಂದು ಕೈ ಸಾಲಲಿಲ್ಲ. ಹಿಂದೆ ರೇಖಾ ಬರುತ್ತಿದ್ದಳು. "ಅದೈಯುಂ ಪಿಡಿಚ್ಚುಕ್ಕೋಂಗೋ" ಅಂದಳು. ಅದನ್ನೂ ಹಿಡಿದುಕೊಳ್ಳಿ. ಹಿಡಿದೆ. ಅಂಗೈಗೆ ಏನೋ ಸರಪರ ಅಂದಿತು. ನೋಡಿದರೆ ಅಂಗಡಿಯಿಂದ ತಂದಾಗ ಸುತ್ತಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಕಂಬಿಯ ಮೇಲೇ ಇತ್ತು. ನೀನು ಬಂದ ದಿನ ಬಿಚ್ಚೋಣ ಅಂತ ಬಿಟ್ಟಿದ್ದರಂತೆ, ಆಮೇಲೆ ಬಿಚ್ಚಲು ಯಾರಿಗೂ ಮನಸ್ಸಾಗಲಿಲ್ಲವಂತೆ.

ಇದು ನಿನಗೆ ಯಾರೂ ಹೇಳಿರಲಿಲ್ಲ, ಅದಕ್ಕೇ ಬರೆದೆ. ನಿನ್ನ ಮೆಟ್ಟಿಲು ತಯಾರಾಗಿತ್ತು ವನಿ. ನೀನೂ ತಯಾರಾಗಿದ್ದೆ.

ನಿನ್ನ
ಅಕ್ಕ